ರಾಶಿಯ ಧೂಳು, ಫೋನಿನ ಗಾಜು



ಸಿಂಧನೂರು ತಾಲ್ಲೂಕಿನ ಸಾಲಗುಂದ ನನ್ನೂರು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಮೊಬೈಲ್ ಫೋನಿನ ಪರದೆಗೆ ಅಂಟಿಸುವ ಗಾಜಿನ ಬಗ್ಗೆ. ಅಂಗಡಿಯಲ್ಲಿ ಅದಕ್ಕೆ ಟೆಂಪರ್ ಅನ್ನುತ್ತಾರೆ, ಸ್ಕ್ರೀನ್ ಗಾರ್ಡ್ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ‘ಫೋನಿಗೆ ಗ್ಲಾಸ್ ಹಾಕಿಸ್ಕೊಂಡ್ ಬಾ’ ಅಂದರೆ ಮುಗಿಯಿತು. ಹಾಕಿಸಿಕೊಂಡು ಬರುವುದು ಐದು ನಿಮಿಷದ ಕೆಲಸವೇ. ಆದರೆ ಯಾವ ಗಾಜು ತಗೊಳ್ಳಬೇಕು, ಎಲ್ಲಿ ಕೂತು ಹಾಕಿಸಬೇಕು ಎಂಬುದನ್ನು ನಮ್ಮ ನೆಲ, ನಮ್ಮ ಬೆಳೆ, ನಮ್ಮ ಬಿಸಿಲು ನೋಡಿ ತೀರ್ಮಾನಿಸಬೇಕು. ಅದನ್ನು ಹೇಳಲಿಕ್ಕೇ ನಾನು ಇಲ್ಲಿ ಕೂತಿದ್ದೇನೆ.

ಇದು ಸಣ್ಣ ವಿಷಯ ಅಂತ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಈಗ ನಮ್ಮ ಊರುಗಳಲ್ಲಿ ಫೋನು ಕುಡುಗೋಲು, ಸಲಿಕೆಯ ಸಾಲಿಗೆ ಸೇರಿದೆ. ಉದ್ಯೋಗ ಖಾತ್ರಿ ಕೆಲಸದ ಹಾಜರಾತಿಯನ್ನು ಫೋಟೊ ಸಮೇತ ಫೋನಿನಲ್ಲೇ ಹಾಕಬೇಕೆಂಬುದು 2023ರ ಜನವರಿಯಿಂದ ಕಡ್ಡಾಯವಾಯಿತು. ಸುಡುಬಿಸಿಲಿನಲ್ಲಿ ನಾಲೆಯ ದಂಡೆ ಮೇಲೆ ನಿಂತು ಆ ಕೆಲಸ ಮಾಡಿದವರು ಕೂಲಿಕಾರರ ಗುಂಪಿನ ಮೇಟ್‌ಗಳಾದ ಕಾಯಕ ಬಂಧುಗಳು. ಅಂಗನವಾಡಿ ಅಕ್ಕಂದಿರು ಮಕ್ಕಳ ತೂಕ, ಎತ್ತರವನ್ನು ಪೋಷಣ್ ಟ್ರ್ಯಾಕರ್‌ನಲ್ಲಿ ತುಂಬುತ್ತಾರೆ. ರೈತರು ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ತಮ್ಮ ಹೊಲದ ಫೋಟೊ ತಾವೇ ತೆಗೆದು ಕಳಿಸುತ್ತಾರೆ. ಪಹಣಿ ಇದರಲ್ಲೇ, ಬ್ಯಾಂಕಿನ ಲೆಕ್ಕ ಇದರಲ್ಲೇ, ದುಬೈಗೋ ಬೆಂಗಳೂರಿಗೋ ಹೋದ ಮಗನ ಮುಖವೂ ಇದರಲ್ಲೇ. ಇಂಥ ಫೋನಿನ ಡಿಸ್‌ಪ್ಲೇ ಹೋದರೆ ಸಾವಿರಗಟ್ಟಲೆ ರೂಪಾಯಿ ಬೇಕು. ಅದು ಎಷ್ಟು ದಿನದ ಕೂಲಿ ಎಂಬುದು ಕೂಲಿಗೆ ಹೋಗುವವರಿಗೆ ಗೊತ್ತು. ಅದನ್ನು ಉಳಿಸಬಲ್ಲದ್ದು ನೂರು ರೂಪಾಯಿಯ ಆಸುಪಾಸಿನ ಒಂದು ಗಾಜು. ಅದನ್ನು ತಿಳಿದು ಕೊಂಡರೆ ನಷ್ಟವೇನಿದೆ?

ಗಾಜಿನ ಬಗ್ಗೆ ನಮಗೆ ಸಿಗುವ ಸಲಹೆಯೆಲ್ಲ ಪೇಟೆಯ ಕಡೆಯಿಂದ ಬಂದದ್ದು. ಅಲ್ಲಿ ನೆಲವೆಲ್ಲ ಟೈಲ್ಸು, ಸಿಮೆಂಟು. ಫೋನು ಬಿದ್ದರೆ ಒಡೆಯಿತು ಎಂಬುದೇ ಅವರ ಭಯ. ನಮ್ಮಲ್ಲೂ ಫೋನು ಬೀಳುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಫೋನಿನ ದಿನನಿತ್ಯದ ಶತ್ರು ಧೂಳು. ಮುಂಗಾರಿನ ನೆಲ್ಲು ನವೆಂಬರ್ ಕೊನೆಗೆ, ಡಿಸೆಂಬರಿಗೆ ಕೊಯ್ಲಿಗೆ ಬರುತ್ತದೆ. ನಮ್ಮ ಗದ್ದೆಗಳಿಗೆ ಹರಿಯುವ ಎಡದಂಡೆ ಕಾಲುವೆಯಲ್ಲಿ ನೀರು ಸಿಕ್ಕ ವರ್ಷ ಏಪ್ರಿಲ್, ಮೇ ತಿಂಗಳಿಗೆ ಬೇಸಿಗೆ ಬೆಳೆಯೂ ಬರುತ್ತದೆ. ಆ ದಿನಗಳಲ್ಲಿ ಕಟಾವಿನ ಮಷಿನ್ನು ಗದ್ದೆಗೆ ಇಳಿದರೆ ಹಿಂದೆ ಮೋಡದ ಹಾಗೆ ಧೂಳು ಏಳುತ್ತದೆ. ರಸ್ತೆ ಮೇಲೆ ನೆಲ್ಲು ಹರವಿರುತ್ತಾರೆ, ಲಾರಿ ಟ್ರ್ಯಾಕ್ಟರು ಓಡಾಡುತ್ತವೆ, ರೈಸ್ ಮಿಲ್ಲಿನ ಚಿಮಣಿಯಿಂದ ಕರಿ ಬೂದಿ ಬಂದು ಮಾಳಿಗೆ ಮೇಲೆ ಕೂರುತ್ತದೆ. ಆ ಧೂಳಿನಲ್ಲಿ ಏನಿದೆ ಅಂತ ಸ್ವಲ್ಪ ನೋಡೋಣ. ಗಾಜಿನ ಆಯ್ಕೆಯ ಉತ್ತರವೆಲ್ಲ ಅದರೊಳಗೇ ಇದೆ.

ನೆಲ್ಲಿನ ಗಿಡ ಮಣ್ಣಿನಿಂದ ಸಿಲಿಕವನ್ನು ಹೀರಿಕೊಂಡು ಕಾಳಿನ ಮೇಲಿನ ಹೊಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ಹೊಟ್ಟನ್ನು ಸುಟ್ಟರೆ ಅದರ ತೂಕದ ಸುಮಾರು ಐದರಲ್ಲಿ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ. ಆ ಬೂದಿಯಲ್ಲಿ ನೂರಕ್ಕೆ 85ರಿಂದ 95ರಷ್ಟು ಸಿಲಿಕವೇ. ಗಾಜಿನ ಮುಖ್ಯ ಸಾಮಗ್ರಿಯೂ ಸಿಲಿಕ. ಅಂದರೆ ಮಿಲ್ಲಿನಿಂದ ಹಾರಿ ಬಂದು ಫೋನಿನ ಮೇಲೆ ಕೂತದ್ದು ಗಾಜಿನ ದಾಯಾದಿ. ಇನ್ನು ಮಣ್ಣಿನ ಧೂಳು. ಮಸ್ಕಿ ಬೆಟ್ಟ, ಮುದಗಲ್ ಕೋಟೆಯ ಸುತ್ತಲಿನ ಗುಡ್ಡಗಳು, ಇವೆಲ್ಲ ಗ್ರಾನೈಟ್ ಜಾತಿಯ ಬಂಡೆಗಳು. ಅವುಗಳೊಳಗೆ ಬೆಣಚುಕಲ್ಲಿನ ಕಣಗಳಿರುತ್ತವೆ. ಮಳೆ ಗಾಳಿಗೆ ಬಂಡೆ ಸವೆದಾಗ ಉಳಿದೆಲ್ಲವೂ ಮಣ್ಣಾಗಿ ಹೋದರೂ ಬೆಣಚು ಕರಗದೆ ಮರಳಾಗಿ ಉಳಿಯುತ್ತದೆ. ಹಳ್ಳದ ಮರಳಿನಲ್ಲಿ ಮಿನುಗುವುದೂ ಅದೇ, ಗಾಳಿಗೆ ಎದ್ದು ನಮ್ಮ ಅಂಗಿಯ ಜೇಬಿಗೆ ಬಂದು ಸೇರುವುದೂ ಅದೇ.

ಯಾವುದು ಯಾವುದನ್ನು ಗೀರುತ್ತದೆ ಎಂದು ಹೇಳಲಿಕ್ಕೆ ಒಂದು ಅಳತೆಗೋಲು ಇದೆ. 1812ರಲ್ಲಿ ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ ಮಾಡಿದ್ದು. ಅದರಲ್ಲಿ ಪೌಡರ್ ಮಾಡುವ ಟಾಲ್ಕ್ ಕಲ್ಲು 1, ವಜ್ರ 10. ನಮ್ಮ ಉಗುರು ಎರಡೂವರೆ. ಕಿಟಕಿಯ ಗಾಜು ಐದೂವರೆ. ಫೋನಿನ ಗಾಜು 6ರ ಹತ್ತಿರ. ಬೆಣಚುಕಲ್ಲು 7. ಮೇಲಿನದು ಕೆಳಗಿನದನ್ನು ಗೀರುತ್ತದೆ, ಇಷ್ಟೇ ಇದರ ನಿಯಮ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಲ್ಲಿ ಚಿನ್ನ ಸಿಗುವುದು ಬೆಣಚುಕಲ್ಲಿನ ಸೆಲೆಗಳಲ್ಲಿ. ಎಷ್ಟು ಬೆಲೆಬಾಳಿದರೂ ಆ ಚಿನ್ನದ ಗಟ್ಟಿತನ 3ಕ್ಕಿಂತ ಮೇಲೇರುವುದಿಲ್ಲ. ಅದನ್ನು ಹಿಡಿದಿಟ್ಟುಕೊಂಡ ಬೆಣಚು ಮಾತ್ರ 7. ಹೊಟ್ಟಿನ ಸಿಲಿಕ ಬೆಣಚಿನಷ್ಟು ಗಟ್ಟಿಯಲ್ಲದಿದ್ದರೂ ಗಾಜಿಗೆ ಸಮಸಮ ನಿಲ್ಲುತ್ತದೆ.

ಇದರಿಂದ ಒಂದು ಮಾತು ತಿಳಿಯುತ್ತದೆ. ‘ಜೇಬಿನಲ್ಲಿ ಕೀಲಿಕೈ ಇಡಬೇಡ, ಚಿಲ್ಲರೆ ಇಡಬೇಡ, ಫೋನು ಗೀರುತ್ತದೆ’ ಅಂತ ಎಲ್ಲರೂ ಹೇಳುತ್ತಾರೆ. ಕೀಲಿಕೈಯ ಹಿತ್ತಾಳೆ, ನಾಣ್ಯದ ಉಕ್ಕು ಇವು ಸಾಮಾನ್ಯವಾಗಿ ಫೋನಿನ ಗಾಜಿಗಿಂತ ಮೆದು. ಗೀರುವುದು ಅವುಗಳ ಜೊತೆ ಜೇಬಿನ ತಳದಲ್ಲಿ ಕೂತ ಮರಳು. ಜೋಳದ ಹಿಟ್ಟಿನ ಕೈಯಲ್ಲಿ ಫೋನು ಮುಟ್ಟಿದರೂ ಗಾಜಿಗೆ ಏನೂ ಆಗುವುದಿಲ್ಲ. ರೊಟ್ಟಿ ತಟ್ಟುವಾಗ ಫೋನು ಎತ್ತಿಕೊಂಡ ತಾಯಂದಿರು ಬೈಸಿಕೊಳ್ಳುವ ಕಾರಣವಿಲ್ಲ. ಆದರೆ ಹೊಲದಿಂದ ಬಂದು, ಹೆಗಲ ಮೇಲಿನ ಟವೆಲಿನಿಂದ ಫೋನಿನ ಮುಖವನ್ನು ಗಸಗಸ ಒರೆಸುತ್ತೇವಲ್ಲ, ಅದೇ ದೊಡ್ಡ ಹಾನಿ. ದಿನವೆಲ್ಲ ಧೂಳು ಹೀರಿದ ಟವೆಲಿನಿಂದ ಒರೆಸಿದರೆ ಬೆಣಚಿನ ಪುಡಿಯಿಂದ ಗಾಜನ್ನು ಉಜ್ಜಿದ ಹಾಗೆಯೇ ಲೆಕ್ಕ. ಫೋನನ್ನು ಬೋರಲು ಹಿಡಿದು ಮೆಲ್ಲಗೆ ಕೊಡವಿ, ಆಮೇಲೆ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಬೇಕು.

ಈಗ ಅಂಗಡಿಗೆ ಹೋಗೋಣ. ಗಾಜಿನ ಪಾಕೀಟಿನ ಮೇಲೆ ದೊಡ್ಡ ಅಕ್ಷರದಲ್ಲಿ ‘9 ಎಚ್’ ಅಂತ ಬರೆದಿರುತ್ತದೆ. ಬಹಳ ಜನ ಇದನ್ನು ಮೋಸ್ ಅವರ ಅಳತೆಯ 9 ಅಂದುಕೊಳ್ಳುತ್ತಾರೆ, ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಅಂತ ನಂಬುತ್ತಾರೆ. ಅದು ಹಾಗಲ್ಲ. ಅದು ಪೆನ್ಸಿಲ್ ಪರೀಕ್ಷೆಯ ಅಂಕ. ಬಣ್ಣ, ವಾರ್ನಿಷ್ ಎಷ್ಟು ಗಟ್ಟಿ ಎಂದು ನೋಡಲು, ಪೆನ್ಸಿಲನ್ನು 45 ಡಿಗ್ರಿ ಓರೆಯಾಗಿ ಹಿಡಿದು, 750 ಗ್ರಾಂ ಭಾರ ಕೊಟ್ಟು ಮೇಲ್ಮೈ ಮೇಲೆ ತಳ್ಳುತ್ತಾರೆ. 9 ಎಚ್ ಅಂದರೆ ಆ ಸಾಲಿನ ಎಲ್ಲಕ್ಕಿಂತ ಗಟ್ಟಿ ಪೆನ್ಸಿಲ್ಲು. ಪೆನ್ಸಿಲಿನ ಕಡ್ಡಿ ಗ್ರಾಫೈಟು ಮತ್ತು ಜೇಡಿಮಣ್ಣಿನದು. ಅದು ಗಾಜನ್ನು ಗೀರದಿರುವುದು ವಿಶೇಷವಲ್ಲ. ಮನೆಯ ಕಿಟಕಿಯ ಗಾಜೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಹಾಗಾಗಿ ಅಗ್ಗದ ಪಾಕೀಟಿನ ಮೇಲೂ 9 ಎಚ್, ದುಬಾರಿ ಪಾಕೀಟಿನ ಮೇಲೂ 9 ಎಚ್. ಎರಡರ ನಡುವೆ ಆರಿಸಲಿಕ್ಕೆ ಅದು ಸಹಾಯ ಮಾಡುವುದಿಲ್ಲ. ಹಾಗೇ 9 ಡಿ, 11 ಡಿ, 21 ಡಿ ಅನ್ನುವುದೂ ಅಳತೆಯಲ್ಲ, ಮಾರಾಟದ ಹೆಸರು. ಎರಡೂವರೆ ಡಿ ಅನ್ನುವುದಕ್ಕೆ ಮಾತ್ರ ಒಂದು ಅರ್ಥ ಉಂಟು: ಗಾಜಿನ ಅಂಚನ್ನು ಬೆರಳಿಗೆ ತಾಗದಂತೆ ದುಂಡಗೆ ಉಜ್ಜಿದ್ದಾರೆ ಎಂದು.

‘ಅಕ್ಕಾರ, ಇದು ಇಲೆವೆನ್ ಡಿ ಐತ್ರಿ, ಸುತ್ತಿಗಿ ತಗೊಂಡು ಹೊಡದ್ರೂ ಏನೂ ಆಗಂಗಿಲ್ರಿ’ ಅಂತ ಅಂಗಡಿಯ ಹುಡುಗ ಅಂದರೆ, ನೀವು ಕೇಳಬೇಕಾದ್ದು ಇದು: ‘ಅದಿರ್ಲಿ ತಮ್ಮಾ, ಗೋಂದು ಪೂರ್ತಿ ಐತೇನು, ಬರೇ ಅಂಚಿಗಷ್ಟ ಐತೇನು?’ ಇದು ನಮ್ಮ ಕಡೆಗೆ ಬಹಳ ಮುಖ್ಯವಾದ ಪ್ರಶ್ನೆ. ಕೆಲವು ಗಾಜುಗಳಲ್ಲಿ ಸುತ್ತಲಿನ ಕರಿ ಅಂಚಿಗೆ ಮಾತ್ರ ಗೋಂದು ಇರುತ್ತದೆ. ನಡುವೆ ಗಾಜಿಗೂ ಪರದೆಗೂ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಧೂಳು ನುಗ್ಗಿದರೆ ನೀವು ಹಾಕಿಸಿದ ಗಾಜೇ ಅದನ್ನು ಪರದೆಗೆ ಒತ್ತಿ ಹಿಡಿಯುತ್ತದೆ. ಟಚ್ಚೂ ಮಂದವಾಗುತ್ತದೆ. ಪೂರ್ತಿ ಮೈಗೆ ಗೋಂದು ಇರುವ ಗಾಜನ್ನೇ ಕೇಳಿ ತಗೊಳ್ಳಿ.

ಗಾಜೇ ಯಾಕೆ, ಪ್ಲಾಸ್ಟಿಕ್ ಹಾಳೆ ಸಾಲದೇ ಎಂಬ ಪ್ರಶ್ನೆಯೂ ಇದೆ. ಅದಕ್ಕೆ ಫೋನಿನ ಪರದೆಯ ಕಥೆಯೇ ಉತ್ತರ ಹೇಳುತ್ತದೆ. 2007ರ ಜನವರಿಯಲ್ಲಿ ಆ್ಯಪಲ್ ಕಂಪನಿ ತನ್ನ ಮೊದಲ ಐಫೋನನ್ನು ಲೋಕಕ್ಕೆ ತೋರಿಸಿತು. ಆಗ ಅದರ ಮಾದರಿಗೆ ಪ್ಲಾಸ್ಟಿಕ್ ಪರದೆ ಇತ್ತು. ಜೇಬಿನ ಕೀಲಿಕೈಯಿಂದ ಪ್ಲಾಸ್ಟಿಕ್ ಮೇಲೆ ಗೀರು ಬೀಳುತ್ತದೆ, ಗಾಜೇ ಬೇಕು ಎಂದು ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಹಟ ಹಿಡಿದರು. ಜೂನ್ ತಿಂಗಳಲ್ಲಿ ಮಾರಾಟಕ್ಕೆ ಬಂದದ್ದು ಗಾಜಿನ ಪರದೆಯ ಫೋನು. ಅಮೆರಿಕದ ಕಾರ್ನಿಂಗ್ ಕಂಪನಿಯವರು 1960ರ ದಶಕದಲ್ಲೇ ಮಾಡಿ, ಕೊಳ್ಳುವವರಿಲ್ಲದೆ ಬಿಟ್ಟಿದ್ದ ಗಟ್ಟಿ ಗಾಜಿನ ವಿದ್ಯೆ ಆಗ ಕೈಗೆ ಬಂತು. ಅದು ಸುಂದರವಾದ ವಿದ್ಯೆ. ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿ ಶಾಖದ, ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಮುಳುಗಿಸುತ್ತಾರೆ. ಗಾಜಿನ ಮೇಲ್ಮೈಯಲ್ಲಿರುವ ಸೋಡಿಯಂನ ಸಣ್ಣ ಕಣಗಳು ಹೊರಗೆ ಹೋಗಿ, ಆ ಜಾಗಕ್ಕೆ ಪೊಟ್ಯಾಸಿಯಂನ ದೊಡ್ಡ ಕಣಗಳು ಬಂದು ಸೇರುತ್ತವೆ. ಬಸ್ಸಿನ ಸೀಟಿನಿಂದ ಸಣ್ಣ ಹುಡುಗ ಎದ್ದ ಜಾಗದಲ್ಲಿ ದೊಡ್ಡಾಳು ಬಂದು ಕೂತರೆ ಇಡೀ ಸೀಟು ಬಿಗಿಯಾಗುತ್ತದಲ್ಲ, ಹಾಗೆ ಮೇಲ್ಮೈ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಬಿಗಿದ ಮೇಲ್ಮೈ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಒಳ್ಳೆಯ ಟೆಂಪರ್ ಗಾಜನ್ನೂ ಹೀಗೇ ಗಟ್ಟಿ ಮಾಡಿರುತ್ತಾರೆ.

ಆದರೂ ಗಾಜು ಗಾಜೇ. 1920ರ ಹೊತ್ತಿಗೆ ಎ. ಎ. ಗ್ರಿಫಿತ್ ಎಂಬ ಬ್ರಿಟಿಷ್ ಎಂಜಿನಿಯರ್ ಒಂದು ಸಂಗತಿ ತೋರಿಸಿಕೊಟ್ಟರು: ಗಾಜು ಲೆಕ್ಕದಲ್ಲಿ ಇರಬೇಕಾದಷ್ಟು ಬಲವಾಗಿರದೆ ಬೇಗ ಒಡೆಯುವುದಕ್ಕೆ ಕಾರಣ ಅದರ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳು. ಪೆಟ್ಟು ಬಿದ್ದಾಗ ಬಲವೆಲ್ಲ ಆ ಗೀರಿನ ತುದಿಗೆ ಬಂದು ಕೂಡುತ್ತದೆ, ಬಿರುಕು ಅಲ್ಲಿಂದ ಹೊರಡುತ್ತದೆ. ಈಗ ಧೂಳಿಗೂ ಬೀಳುವುದಕ್ಕೂ ಇರುವ ಸಂಬಂಧ ಕಾಣುತ್ತದೆ. ಎರಡು ಸುಗ್ಗಿ ಧೂಳು ತಿಂದು, ಟವೆಲಿನ ಉಜ್ಜು ತಿಂದು, ಮೈತುಂಬ ಸೂಕ್ಷ್ಮ ಗೀರಾದ ಫೋನು ಸಣ್ಣ ಪೆಟ್ಟಿಗೇ ಒಡೆಯುತ್ತದೆ. ‘ಮಂಚದ ಮ್ಯಾಲಿಂದ ಬಿತ್ರಿ, ಅಷ್ಟಕ್ಕ ಒಡದ್ಹೋತು’ ಅಂತ ಜನ ಅಚ್ಚರಿಪಡುತ್ತಾರೆ. ಅದು ಮಂಚದಿಂದ ಬೀಳುವ ಮೊದಲೇ ಸೋತಿರುತ್ತದೆ. ಮೇಲೊಂದು ಗಾಜು ಇದ್ದರೆ ಗೀರುಗಳೆಲ್ಲ ಅದರ ಮೇಲೆ ಆಗುತ್ತವೆ, ಒಳಗಿನದು ಹೊಸದಾಗಿಯೇ ಉಳಿಯುತ್ತದೆ. ನನ್ನ ಮಟ್ಟಿಗೆ ಟೆಂಪರ್ ಗಾಜಿನ ನಿಜವಾದ ಉಪಕಾರ ಇದು.

ಬಿದ್ದಾಗ ಅದು ಎಷ್ಟು ಕಾಯುತ್ತದೆ ಎಂಬುದರ ಬಗ್ಗೆ ಅಂಗಡಿಯ ಮಾತನ್ನು ಪೂರ್ತಿ ನಂಬಬೇಡಿ. ಮೇಲಿನ ಗಾಜಿನ ದಪ್ಪ ಸುಮಾರು 0.3 ಮಿಲಿಮೀಟರ್. ಅಷ್ಟು ತೆಳ್ಳಗಿನದು ಫೋನಿನ ಗಾಜಿಗಿಂತ ಬೇಗ ಒಡೆಯುತ್ತದೆ. ಅದು ಒಡೆಯಿತು, ಕೆಳಗಿನದು ಉಳಿಯಿತು ಅಂದಮಾತ್ರಕ್ಕೆ ಅದೇ ಉಳಿಸಿತು ಎಂದು ಹೇಳಲಾಗದು, ಅದಿಲ್ಲದಿದ್ದರೂ ಉಳಿಯುತ್ತಿತ್ತೇನೋ. ಚೂಪು ಕಲ್ಲಿನ ಮೇಲೆ ಮುಖ ಕೆಳಗಾಗಿ ಬಿದ್ದರೆ ಗಾಜು ಒಂದಿಷ್ಟು ಪೆಟ್ಟನ್ನು ತಾನು ತಿನ್ನುತ್ತದೆ. ಮೂಲೆಯ ಮೇಲೆ ಬಿದ್ದರೆ ಕಾಯುವುದು ಪೌಚು. ಅಂಚು ಪರದೆಗಿಂತ ಸ್ವಲ್ಪ ಎತ್ತರ ಇರುವ, ಮೂಲೆ ದಪ್ಪ ಇರುವ ರಬ್ಬರಿನ ಪೌಚು ಹಾಕಿ. ಪೌಚನ್ನು ಅಂಗಡಿಗೆ ತಗೊಂಡು ಹೋಗಿ, ಗಾಜು ಹಾಕಿದ ಮೇಲೆ ಅಲ್ಲೇ ತೊಡಿಸಿ ನೋಡಿ. ಪೌಚಿನ ಅಂಚು ಗಾಜಿನ ಅಂಚನ್ನು ಒತ್ತುತ್ತಿದ್ದರೆ ವಾರದೊಳಗೆ ಗಾಜು ಮೇಲೇಳುತ್ತದೆ, ಎದ್ದ ಕಡೆಯಿಂದ ಧೂಳು ಒಳನುಗ್ಗುತ್ತದೆ.

ಬೇರೆ ಬಗೆಗಳ ಮಾತು ಬೇಗ ಮುಗಿಸುತ್ತೇನೆ. ಹೊಸ ಫೋನಿನ ಮೇಲೆ ಕಂಪನಿಯವರೇ ಅಂಟಿಸಿದ ತೆಳು ಹಾಳೆ ಇದ್ದರೆ, ಅದನ್ನು ಪ್ಯಾಕಿಂಗ್ ಅಂದುಕೊಂಡು ಕಿತ್ತುಹಾಕಬೇಡಿ. ಅದೂ ಒಂದು ರಕ್ಷಣೆಯೇ, ಗೀರು ತುಂಬುವ ತನಕ ಇರಲಿ. ಅಂಚು ಬಾಗಿದ ಪರದೆಯ ಫೋನುಗಳಿಗೆ ಚಪ್ಪಟೆ ಗಾಜು ಸರಿಯಾಗಿ ಕೂರುವುದಿಲ್ಲ, ಅವಕ್ಕೆ ಮಷಿನ್ನಿನಲ್ಲಿ ಅಳತೆಗೆ ಕತ್ತರಿಸಿ ಹಾಕುವ ಹೈಡ್ರೋಜೆಲ್ ಹಾಳೆ ವಾಸಿ; ಅದು ಮೆದು, ಬೇಗ ಗೀರುತ್ತದೆ, ಆದರೆ ಒಡೆಯುವುದಿಲ್ಲ. ದ್ರವದ ಗೋಂದು ಸುರಿದು, ನೇರಳೆ ದೀಪದ ಕೆಳಗೆ ಗಟ್ಟಿ ಮಾಡುವ ಯುವಿ ಗಾಜು ಅಂತ ಒಂದಿದೆ. ಆ ಗೋಂದು ಮಾತು ಕೇಳುವ ತೂತಿಗೆ, ಬಟನ್ನಿನ ಸಂದಿಗೆ ಇಳಿದು ಹಾಳು ಮಾಡಬಲ್ಲದು. ಇದರ ಬಗ್ಗೆ ಫೋನು ತಯಾರಕರೇ ಎಚ್ಚರಿಸಿದ್ದಾರೆ. ನಾನಂತೂ ಬೇಡ ಅನ್ನುತ್ತೇನೆ.

ಪಕ್ಕದವರಿಗೆ ಕಾಣದ ಹಾಗೆ ಪರದೆಯನ್ನು ಕಪ್ಪಾಗಿಸುವ ಪ್ರೈವೆಸಿ ಗಾಜನ್ನು ಈಗ ಹುಡುಗರು ಆಸೆಯಿಂದ ಹಾಕಿಸುತ್ತಾರೆ. ಆ ಗಾಜು ಬೆಳಕನ್ನು ತಡೆಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಆ ಬೆಳಕಿನಲ್ಲಿ ಪರದೆ ಕಾಣಬೇಕೆಂದರೆ ಬ್ರೈಟ್‌ನೆಸ್ ಪೂರ್ತಿ ಏರಿಸಬೇಕು. ಏರಿಸಿದರೆ ಫೋನು ಕಾಯುತ್ತದೆ, ಬ್ಯಾಟರಿ ಇಳಿಯುತ್ತದೆ. ತೀರಾ ಕಾದರೆ ಫೋನು ತನ್ನಷ್ಟಕ್ಕೆ ಪರದೆಯನ್ನು ಮಂಕು ಮಾಡಿಕೊಳ್ಳುತ್ತದೆ. ಹೊಲದಲ್ಲಿ, ಕೂಲಿ ಜಾಗದಲ್ಲಿ ಫೋಟೊ ತೆಗೆಯುವವರಿಗೆ ಪ್ರೈವೆಸಿ ಗಾಜು ಸಲ್ಲದು. ಬದಲಿಗೆ, ಹೊಳಪು ಹೊಡೆಯದ ಮ್ಯಾಟ್ ಬಗೆ ಬಿಸಿಲಲ್ಲಿ ಕಣ್ಣಿಗೆ ತಂಪು. ಅಕ್ಷರ ಸ್ವಲ್ಪ ಮಸುಕಾಗುತ್ತದೆ. ಸಿನಿಮಾ ನೋಡುವವರಿಗೆ ಅದು ಹಿಡಿಸದಿರಬಹುದು. ದಿನವಿಡೀ ಬಯಲಲ್ಲಿ ನಿಲ್ಲುವವರು ಒಮ್ಮೆ ಹಾಕಿಸಿ ನೋಡಬಹುದು.

ಬೆರಳಚ್ಚಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಪರದೆಯ ಒಳಗೇ ಬೆರಳಚ್ಚು ಓದುವ ಫೋನುಗಳು ಈಗ ಬಂದಿವೆ. 2019ರ ಅಕ್ಟೋಬರಿನಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್ 10 ಫೋನಿನಲ್ಲಿ ಒಂದು ತೊಂದರೆ ಹೊರಬಿತ್ತು. ಕೆಲವು ಸಿಲಿಕೋನ್ ರಕ್ಷಾಕವಚಗಳ ಒಳಮೈಯ ಗೆರೆಗಳನ್ನೇ ಆ ಫೋನು ಬೆರಳಿನ ಗೆರೆಗಳೆಂದು ಓದಿಕೊಂಡಿತು. ಆಗ ಯಾರ ಬೆರಳಿಟ್ಟರೂ ಫೋನು ತೆರೆಯುತ್ತಿತ್ತು. ದಕ್ಷಿಣ ಕೊರಿಯಾದಲ್ಲಿ ಕಾಕಾವೊ ಬ್ಯಾಂಕ್ ತನ್ನ ಗ್ರಾಹಕರಿಗೆ ಬೆರಳಚ್ಚು ನಿಲ್ಲಿಸಿ ಎಂದು ಹೇಳಬೇಕಾಯಿತು. ಕಂಪನಿ ಆಮೇಲೆ ಸಾಫ್ಟ್‌ವೇರ್ ತಿದ್ದಿ ಕಳಿಸಿತು. ನಮ್ಮ ಫೋನಿನಲ್ಲೂ ಈಗ ಹಣ ಇದೆ. ಆದ್ದರಿಂದ ಹೊಸ ಗಾಜು ಹಾಕಿಸಿದ ಕೂಡಲೇ ಎರಡು ಕೆಲಸ ಮಾಡಿ: ಹಳೆಯ ಬೆರಳಚ್ಚನ್ನು ಅಳಿಸಿ ಹೊಸದಾಗಿ ಕೊಡಿ, ಆಮೇಲೆ ಮನೆಯ ಬೇರೊಬ್ಬರ ಬೆರಳಿಟ್ಟು ಫೋನು ತೆರೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ನಾಟಿ ಹಚ್ಚುವವರ, ಕಲ್ಲು ಹೊರುವವರ ಬೆರಳಿನ ಗೆರೆ ಸವೆದಿರುತ್ತದೆ. ಪಡಿತರದ ಅಂಗಡಿಯಲ್ಲಿ ಹೆಬ್ಬೆಟ್ಟು ಒಪ್ಪದೆ ವಾಪಸ್ ಬಂದ ಹಿರಿಯರು ನಮ್ಮಲ್ಲಿ ಇದ್ದಾರೆ. ಅಂಥವರ ಫೋನಿಗೆ ದಪ್ಪ ಗಾಜು ಹಾಕಿದರೆ ಬೆರಳಚ್ಚು ಇನ್ನೂ ಕಷ್ಟ. ಅವರಿಗೆ ಅಂಕಿಯ ಪಿನ್ನೇ ಸಲೀಸು. ಗಾಜು ಹಾಕಿದ ಮೇಲೆ ಟಚ್ ಮಂದವಾಯಿತು ಅನಿಸಿದರೆ, ಕೆಲವು ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಟಚ್ ಸೆನ್ಸಿಟಿವಿಟಿ ಎಂಬ ಗುಂಡಿ ಇರುತ್ತದೆ, ಅದನ್ನು ಚಾಲೂ ಮಾಡಿ.

ಇನ್ನು ಅಂಟಿಸುವ ಕೆಲಸ. ಇದರಲ್ಲಿ ಕೈಚಳಕಕ್ಕಿಂತ ಜಾಗ ದೊಡ್ಡದು. ಬಸ್ ಸ್ಟ್ಯಾಂಡಿನ ಎದುರು, ರಸ್ತೆ ಅಂಚಿನ ಅಂಗಡಿ. ಮುಂದೆ ನೆಲ್ಲಿನ ಲಾರಿ ಹೋಗುತ್ತಿದೆ, ಮೇಲೆ ಫ್ಯಾನು ತಿರುಗುತ್ತಿದೆ. ಅಲ್ಲಿ ಎಷ್ಟೇ ಪಳಗಿದ ಕೈಯಾದರೂ ಗಾಜಿನ ಕೆಳಗೆ ಒಂದು ಕಣ ಸಿಕ್ಕೇ ಸಿಗುತ್ತದೆ. ‘ತಮ್ಮಾ, ಫ್ಯಾನ್ ಬಂದ್ ಮಾಡು, ಒಳಗ ಕುಂತು ಹಾಕು’ ಅಂತ ಕೇಳಲಿಕ್ಕೆ ಸಂಕೋಚ ಬೇಡ. ಕೊಯ್ಲಿನ ದಿನಗಳ ಸಂಜೆಗಿಂತ ಬೆಳಿಗ್ಗೆ ವಾಸಿ, ರಾತ್ರಿಯ ಇಬ್ಬನಿಗೆ ಧೂಳು ಕೂತಿರುತ್ತದೆ.

ಮನೆಯಲ್ಲೇ ಹಾಕುವುದಾದರೆ ಎಲ್ಲಕ್ಕಿಂತ ಒಳ್ಳೆಯ ಜಾಗ ಬಚ್ಚಲುಮನೆ. ಯಾರಾದರೂ ಬಿಸಿನೀರಿನ ಸ್ನಾನ ಮಾಡಿ ಹೋದ ಮೇಲೆ, ಹಬೆ ಇಳಿದು ಗೋಡೆ ಒದ್ದೆ ಇರುವಾಗ, ಗಾಳಿಯಲ್ಲಿ ತೇಲುವ ಧೂಳೆಲ್ಲ ತೇವಕ್ಕೆ ನೆಲ ಹಿಡಿದಿರುತ್ತದೆ. ಫೋನನ್ನು ಒದ್ದೆ ಮಾಡುವುದಲ್ಲ, ಗಾಳಿಯನ್ನು ಒದ್ದೆ ಮಾಡುವುದು. ಒಂದು ಒಣ ಸ್ಟೂಲು ಇಟ್ಟುಕೊಳ್ಳಿ. ತೋಳಿಲ್ಲದ ಅಂಗಿ ಇದ್ದರೆ ಒಳ್ಳೆಯದು; ತೋಳಿನಿಂದ ನೂಲಿನ ಎಳೆ ಉದುರುತ್ತದೆ. ಟವೆಲನ್ನು ದೂರ ಇಡಿ. ಕೈ ತೊಳೆದು, ಗಾಳಿಗೆ ಆರಿಸಿ.

ಪಾಕೀಟನ್ನು ಒಡೆದ ಮೇಲೆ, ಮೊದಲು ಗಾಜಿನ ಕೆಳಗಿನ ಹಾಳೆ ತೆಗೆಯದೇ ಫೋನಿನ ಮೇಲೆ ಇಟ್ಟು ನೋಡಿ. ಮುಂದಿನ ಕ್ಯಾಮೆರಾದ ತೂತು, ಮಾತು ಕೇಳುವ ಸೀಳು ಸರಿ ಕೂರುತ್ತವೆಯೇ? ಒಂದೇ ಹೆಸರಿನ ಫೋನಿನಲ್ಲಿ ಪ್ರೊ ಅಂತ ಒಂದು, ಪ್ಲಸ್ ಅಂತ ಒಂದು ಇರುತ್ತದೆ, ಅಳತೆ ಬೇರೆ. ಪಾಕೀಟಿನ ಮೇಲಿನ ಹೆಸರನ್ನು ನಂಬುವುದಕ್ಕಿಂತ ಇಟ್ಟು ನೋಡುವುದು ಖಚಿತ. ಮೇಲ್ಭಾಗದ ಕರಿ ಅಂಚು ಕಿವಿಯ ಬಳಿಯ ಸೆನ್ಸರನ್ನು ಮುಚ್ಚಿದರೆ, ಮಾತಾಡುವಾಗ ಪರದೆ ಆರದೆ ಕೆನ್ನೆ ತಾಗಿ ಕರೆ ಕಟ್ಟಾಗುತ್ತದೆ. ಅದನ್ನೂ ಗಮನಿಸಿ.

ಸರಿ ಕೂತಿತೆಂದರೆ, ಇಟ್ಟ ಜಾಗದಲ್ಲೇ ಬಿಟ್ಟು, ಒಂದು ಉದ್ದ ಬದಿಗೆ ಎರಡು ತುಂಡು ಪ್ಲಾಸ್ಟಿಕ್ ಟೇಪನ್ನು ಗಾಜಿನಿಂದ ಫೋನಿನ ಹಿಂಬದಿಗೆ ಹೋಗುವಂತೆ ಅಂಟಿಸಿ. ಈಗ ಗಾಜು ಪುಸ್ತಕದ ರಟ್ಟಿನಂತೆ ತೆರೆದು ಮುಚ್ಚುತ್ತದೆ, ಜಾಗ ತಪ್ಪುವುದಿಲ್ಲ. ತೆರೆದು ಹಿಡಿದು, ಪಾಕೀಟಿನಲ್ಲಿ ಕೊಟ್ಟ ಒದ್ದೆ ಕಾಗದದಿಂದ ಪರದೆಯನ್ನು ಒಂದೇ ದಿಕ್ಕಿನಲ್ಲಿ ಒರೆಸಿ. ಅದು ಎಣ್ಣೆ ಜಿಡ್ಡು ತೆಗೆಯುತ್ತದೆ. ಆಮೇಲೆ ಒಣ ಬಟ್ಟೆ. ಆಮೇಲೆ ಧೂಳು ಎತ್ತುವ ಅಂಟುಹಾಳೆಯನ್ನು ಮೂಲೆ ಮೂಲೆಗೂ ಒತ್ತಿ ಎತ್ತಿ. ಓರೆ ಬೆಳಕಿನಲ್ಲಿ ಪರದೆಯನ್ನು ನೋಡಿ. ನೇರ ನೋಡಿದರೆ ಕಾಣದ ಕಣ ಓರೆಯಲ್ಲಿ ಕಾಣುತ್ತದೆ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಯಾವುದನ್ನೂ ಹಚ್ಚಬೇಡಿ. ಫೋನಿನ ಗಾಜಿನ ಮೇಲೆ ಬೆರಳ ಜಿಡ್ಡು ಹಿಡಿಯದ ಹಾಗೆ ಒಂದು ತೆಳು ಲೇಪ ಇರುತ್ತದೆ, ಅದು ಹೋಗುತ್ತದೆ.

ಎಲ್ಲ ಸಿದ್ಧವಾದ ಮೇಲೆಯೇ ಗಾಜಿನ ಕೆಳಗಿನ ಹಾಳೆ ಬಿಡಿಸಬೇಕು. ಬಿಡಿಸಿ ಹಿಡಿದುಕೊಂಡು ಮಾತಾಡುತ್ತ ನಿಲ್ಲಬಾರದು. ಗೋಂದಿನ ಮೈ ಗಾಳಿಯ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಮೆಲ್ಲಗೆ ಗಾಜನ್ನು ಮುಚ್ಚಿ, ಕೈ ಬಿಡಿ. ನಡುವೆ ಒಂದು ಬೆರಳಿನಿಂದ ಮುಟ್ಟಿದರೆ ಸಾಕು, ಗೋಂದು ತಾನೇ ನಾಲ್ಕೂ ಕಡೆ ಹರಡುತ್ತ ಹೋಗುತ್ತದೆ. ನೋಡಲು ಬಹಳ ಚೆಂದ ಅದು. ಆತುರಪಟ್ಟು ನಾಲ್ಕೂ ಮೂಲೆ ಒಟ್ಟಿಗೆ ಒತ್ತಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಗುಳ್ಳೆ ಬಂದರೆ ಅದು ಎಂಥದು ಎಂದು ನೋಡಿ. ಒತ್ತಿದಾಗ ಸರಿಯುವುದು ಗಾಳಿಯ ಗುಳ್ಳೆ. ಬಟ್ಟೆ ಸುತ್ತಿದ ಕಾರ್ಡಿನ ಅಂಚಿನಿಂದ ಹೊರಕ್ಕೆ ದೂಡಿ, ಉಳಿದ ಸಣ್ಣವು ಒಂದೆರಡು ದಿನದಲ್ಲಿ ತಾವೇ ಕರಗಬಹುದು. ಒತ್ತಿದರೂ ಸರಿಯದೆ, ನಡುವೆ ಚುಕ್ಕೆ ಇದ್ದರೆ ಅದು ಧೂಳಿನ ಗುಳ್ಳೆ. ಅದನ್ನು ಒತ್ತಲೇಬೇಡಿ, ಬೆಣಚಿನ ಕಣವಾಗಿದ್ದರೆ ಪರದೆಗೆ ಚುಚ್ಚುತ್ತದೆ. ಟೇಪಿನ ಸಹಾಯದಿಂದ ಆ ಬದಿಯನ್ನಷ್ಟೇ ಎತ್ತಿ, ಇನ್ನೊಂದು ಟೇಪಿನ ತುದಿಯಿಂದ ಕಣವನ್ನು ಮುಟ್ಟಿ ಎತ್ತಿ, ಮತ್ತೆ ಇಳಿಸಿ. ಉಗುರು ಹಾಕಬೇಡಿ. ಅಂಚಿನಲ್ಲಿ ಬೆಳ್ಳಗೆ ಗೆರೆ ಉಳಿದರೆ ಅಂಗಡಿಯವರು ಒಂದು ತೊಟ್ಟು ಎಣ್ಣೆ ಸವರಿ ಮಾಯ ಮಾಡುತ್ತಾರೆ. ಕಣ್ಣಿಗೆ ಚೆಂದ ಕಂಡರೂ ಆ ಎಣ್ಣೆಗೆ ನಮ್ಮ ಧೂಳು ಬಂದು ಅಂಟುತ್ತದೆ. ಗೆರೆ ಇದ್ದರೆ ಇರಲಿ ಅನ್ನಿ.

ಗಾಜು ಎಲ್ಲಿಯ ತನಕ? ಅಂಚು ಎದ್ದ ದಿನ, ಇಲ್ಲ ಬಿರುಕು ಬಿಟ್ಟ ದಿನ ಅದರ ಆಯುಷ್ಯ ಮುಗಿಯಿತು. ‘ಇನ್ನೂ ಕಾಣ್ತೈತಿ, ನಡೀಲಿ’ ಅಂತ ಒಡೆದ ಗಾಜಿನ ಮೇಲೇ ತಿಂಗಳುಗಟ್ಟಲೆ ಬೆರಳಾಡಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕೂದಲಿನಷ್ಟು ತೆಳು ಚೂರು ಬೆರಳಿಗೆ ಹೋದರೆ ಕಾಣುವುದಿಲ್ಲ, ತೆಗೆಯಲು ಬರುವುದಿಲ್ಲ. ಹಾಲು ಕುಡಿಯುವ ಕೂಸು ಅದೇ ಫೋನನ್ನು ಬಾಯಿಗೆ ಇಟ್ಟುಕೊಳ್ಳುತ್ತದೆ. ಬಿರುಕು ಬಿಟ್ಟದ್ದನ್ನು ತೆಗೆಯುವಾಗ ಮೊದಲು ಇಡೀ ಗಾಜಿನ ಮೇಲೆ ಅಗಲ ಟೇಪು ಅಂಟಿಸಿ. ಅಂಗೈಯನ್ನು ಸ್ವಲ್ಪ ಹೊತ್ತು ಮೇಲಿಟ್ಟು ಗೋಂದನ್ನು ಬೆಚ್ಚಗೆ ಮಾಡಿ. ಒಡೆಯದ ಮೂಲೆಯಿಂದ ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ತೂರಿಸಿ ನಿಧಾನಕ್ಕೆ ಎತ್ತಿದರೆ ಚೂರುಗಳೆಲ್ಲ ಟೇಪಿನ ಜೊತೆಗೇ ಬರುತ್ತವೆ. ಚಾಕು, ಬ್ಲೇಡು ಹಾಕಬೇಡಿ.

ಕಿತ್ತ ಗಾಜನ್ನು ಮನೆ ಮುಂದಿನ ತಿಪ್ಪೆಗೆ ಎಸೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ತಿಪ್ಪೆಯ ಗೊಬ್ಬರ ಬೇಸಿಗೆ ಕಳೆದ ಮೇಲೆ ಗದ್ದೆಗೆ ಹೋಗುತ್ತದೆ. ಆ ಗದ್ದೆಯ ಕೆಸರಿನಲ್ಲಿ ನಮ್ಮ ಅಕ್ಕತಂಗಿಯರು ಬರಿಗಾಲಲ್ಲಿ ನಿಂತು, ಬರಿಗೈಯಲ್ಲಿ ಸಸಿ ಹಚ್ಚುತ್ತಾರೆ. ಗಾಜನ್ನು ಹಳೆಯ ಪೇಪರಿನಲ್ಲಿ ನಾಲ್ಕಾರು ಸುತ್ತು ಸುತ್ತಿ, ದಾರ ಕಟ್ಟಿ ಇಡಿ. ಪಂಚಾಯಿತಿಯ ಸ್ವಚ್ಛ ವಾಹಿನಿ ಬಂದಾಗ ಒಣ ಕಸದ ಜೊತೆ ಹಾಕುವ ಮುಂಚೆ, ಇದರೊಳಗೆ ಗಾಜು ಇದೆ ಎಂದು ಗಾಡಿಯವರಿಗೆ ಬಾಯಿಬಿಟ್ಟು ಹೇಳಿ, ಅವರ ಕೈಗೇ ಕೊಡಿ.